ಹಬೆ ಹಿಡಿಯದ ಕನ್ನಡಕ

ನಮ್ಮ ಅಜ್ಜಿಯ ತಂಗಿ ಚಿಕ್ಕನಿಂಗಮ್ಮ ಕೂತ ಕಡೆ ಕೂರುವ ಹೆಂಗಸಲ್ಲ. ಊಟಕ್ಕೆ ಕೂತರೂ ನಡುವೆ ಎದ್ದು ಬಾಗಿಲ ತನಕ ಹೋಗಿ ಬರುತ್ತಿದ್ದಳು. ಮಾತಾಡುವಾಗ ಅವಳ ಕೈ ಸೆರಗಿನ ಅಂಚನ್ನೋ ಚಾಪೆಯ ಕಡ್ಡಿಯನ್ನೋ ಕೀಳುತ್ತಲೇ ಇರುತ್ತಿತ್ತು. ಬಾಲ ಸುಟ್ಟ ಬೆಕ್ಕು ಅಂತ ಮನೆಯವರೆಲ್ಲ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ನಾನು ಎದುರಿಗೇ ಅಂದು ತಲೆಗೆ ಮೊಟಕಿಸಿಕೊಂಡಿದ್ದೇನೆ. ಇಂಥವಳಿಗೆ ಸಿಕ್ಕಿದ್ದು ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆ ಕೂತು ಮಾಡುವ ಕೆಲಸ. ದೇವರಿಗೂ ಒಮ್ಮೊಮ್ಮೆ ಕುಚೋದ್ಯ ಅನ್ನಿಸುತ್ತೆ.

ಕೆಲಸ ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದು. ಆಗಿನ್ನೂ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ. ಕೊಳ್ಳೇಗಾಲದಿಂದ ಮುಡಿಗುಂಡದ ಕಡೆ ಹೋಗುವ ದಾರಿಯಲ್ಲಿ ಸಾಹುಕಾರರೊಬ್ಬರ ತಗಡಿನ ಶೆಡ್ಡಿತ್ತು. ಒಳಗೆ ಸಾಲಾಗಿ ಬೇಸಿನ್ನುಗಳು, ಅವುಗಳ ತುಂಬ ಕುದಿಬಿಸಿ ನೀರು, ನೀರಿನಲ್ಲಿ ತೇಲುವ ಗೂಡುಗಳು. ಐದಾರು ಗೂಡಿನ ಎಳೆ ಸೇರಿಸಿದರೆ ಒಂದು ನೂಲು, ಅದು ಮೇಲೆ ರಾಟೆಗೆ ಸುತ್ತಿಕೊಳ್ಳುತ್ತೆ. ಒಂದು ಗೂಡು ಮುಗಿಯಿತೋ, ತಕ್ಷಣ ಇನ್ನೊಂದರ ಎಳೆ ಎಸೆದು ಕೂಡಿಸಬೇಕು. ಇಲ್ಲದಿದ್ದರೆ ನೂಲು ಸಣ್ಣಗಾಗಿ ಹರಿದುಹೋಗುತ್ತೆ. ಆ ಎಳೆಯೋ, ಕೂದಲಿಗಿಂತ ಸಣ್ಣದು.

ವಿಚಿತ್ರ ಏನೆಂದರೆ, ಆ ಬೇಸಿನ್ನಿನ ಮುಂದೆ ಮಾತ್ರ ನಿಂಗಮ್ಮ ತಣ್ಣಗಿರುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ, ಅಕ್ಕನ ಮನೆಯ ಮೂಲೆಯಲ್ಲಿ ಚಡಪಡಿಸುತ್ತ ಬದುಕುತ್ತಿದ್ದವಳು. ಬಿಸಿನೀರಿಗೆ ಕೈ ಇಟ್ಟಳೆಂದರೆ ಮೈಯೊಳಗಿನ ಗಿರಗಿಟ್ಟಲೆ ನಿಲ್ಲುತ್ತಿತ್ತು. ನೇಕಾರರು ಬಂದು ನಿಂಗಮ್ಮನ ನೂಲೇ ಬೇಕು ಅಂತ ಹೆಸರು ಹಿಡಿದು ಕೇಳುತ್ತಿದ್ದರು. ಆ ಜಾಗ ತಪ್ಪಿದರೆ ತಾನು ಹುಚ್ಚಿಯಾಗುತ್ತೇನೆ ಅಂತ ಅವಳು ನಿಜವಾಗಿ ನಂಬಿದ್ದಳು.

ಹಾಗಿರುವಾಗ ಕಣ್ಣು ಕೈಕೊಟ್ಟಿತು. ದೂರದ ಮರದಲ್ಲಿ ಕೂತ ಕಾಗೆ ಕಾಣುತ್ತಿತ್ತು, ಕೈಯೊಳಗಿನ ಎಳೆ ಕಾಣುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಂಗಳಕ್ಕೆ ಹಾಕುತ್ತಿದ್ದರು. ಅಂಗಳ ಅಂದರೆ ಶೆಡ್ಡಿನ ಹೊರಗೆ ಕೂತು ಕೆಟ್ಟ ಗೂಡು ಆರಿಸುವ ಜಾಗ, ಕೈಲಾಗದವರ ಪಾಲು. ನನ್ನ ಬೆರಳಿಗೇ ಕಣ್ಣಿದೆ ಅಂದುಕೊಂಡು ವರ್ಷಗಟ್ಟಲೆ ತಳ್ಳಿದಳು. ನೂಲೂ ಕೆಡಲಿಲ್ಲ. ಇವಳ ಜಂಬವೂ ಇಳಿಯಲಿಲ್ಲ.

ಪಕ್ಕದ ಬೇಸಿನ್ನಿನಲ್ಲಿ ಪುಟ್ಟಮಲ್ಲಮ್ಮ ಅನ್ನುವವಳಿದ್ದಳು. ಹರೆಯದವಳು, ಮಾತು ಕಮ್ಮಿ. ಆ ವರ್ಷ ಅವಳಿಗೊಂದು ಕೂಸಾಗಿತ್ತು. ಶೆಡ್ಡಿನ ತೊಲೆಗೆ ಸೀರೆ ಕಟ್ಟಿ ಜೋಲಿಯಲ್ಲಿ ಮಲಗಿಸುತ್ತಿದ್ದಳು. ಅವಳ ನೂಲು ದಿನಕ್ಕೆ ಎಷ್ಟೋ ಸಲ ಹರಿಯುತ್ತಿತ್ತು, ಮೇಸ್ತ್ರಿಯ ಬೈಗುಳ ತಪ್ಪುತ್ತಿರಲಿಲ್ಲ. ನಿಂಗಮ್ಮನಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಯಾಕೆಂದರೆ ಆಗಾಗ ಮಲ್ಲಮ್ಮನ ಕೈ ತನ್ನ ಬೇಸಿನ್ನಿನ ಮೇಲೆ ಮಸುಕು ಮಸುಕಾಗಿ ಬಂದು ಹೋಗುತ್ತಿತ್ತು. ತನ್ನ ಗೂಡು ಕದಿಯುತ್ತಿದ್ದಾಳೆ ಅಂತ ಇವಳ ಲೆಕ್ಕ.

"ನಿನ್ ಕೈ ನಿನ್ ಬೇಸಿನ್ನಲ್ಲಿ ಮಡಿಕ್ಕೊ ಮಲ್ಲಿ."

"ಊಂ ಕಣಕ್ಕ," ಅನ್ನುತ್ತಿದ್ದಳು ಮಲ್ಲಮ್ಮ. ಮತ್ತೆ ಕೈ ಬರುತ್ತಿತ್ತು.

ಒಂದು ದಿನ ನಿಂಗಮ್ಮ ತಡೆಯಲಾರದೆ ಮೇಸ್ತ್ರಿ ಪುಟ್ಟಬಸಪ್ಪನ ಹತ್ತಿರ ಹೋಗಿ ದೂರು ಕೊಟ್ಟೇಬಿಟ್ಟಳು. "ಸಾ, ಮಲ್ಲಿ ನನ್ ಗೂಡು ಕದೀತಾವ್ಳೆ."

"ಕಣ್ಣಾರೆ ಕಂಡ್ಯಾ?" ಅಂದ ಪುಟ್ಟಬಸಪ್ಪ.

ಆ ಪ್ರಶ್ನೆ ಸರಿಯಾದ ಜಾಗಕ್ಕೇ ಚುಚ್ಚಿತು. "ಊಂ, ಕಂಡಿವ್ನಿ," ಅಂದಳು.

"ಸರಿ ಬುಡು. ಶಿವರಾತ್ರಿ ಆದ್ಮೇಲಿನ ಸೋಮವಾರ ಸಾವ್ಕಾರ್ರು ಎಲ್ರ ನೂಲ್ನೂ ಪರೀಕ್ಷೆ ಮಾಡಕ್ಕೆ ಬತ್ತರೆ. ನೂಲು ಕೆಟ್ಟೋರು ಅಂಗಳಕ್ಕೆ. ಅವತ್ತು ನಾನೇ ನಿಮ್ ಬೆನ್ನಿಂದೆ ನಿಂತಿರ್ತೀನಿ. ಅವಳ ಕೈ ನಿನ್ ಬೇಸಿನ್ನಿಗೆ ಬಂತೋ, ಕೆಲ್ಸ ಬುಡಿಸಿ ಮನೆಗೆ ಕಳಿಸ್ತೀನಿ."

ಹೊಂಡ ತೋಡಿದ್ದು ಮಲ್ಲಮ್ಮನಿಗೆ, ಕಾಲು ಜಾರಿದ್ದು ಇವಳದು. ಪರೀಕ್ಷೆ ಅಂದರೆ ತನ್ನದೂ ಪರೀಕ್ಷೆಯೇ ತಾನೆ? ಸಾಹುಕಾರರು ಎದುರಿಗೆ ನಿಂತು ನೋಡುವಾಗ ಎಳೆ ಕಾಣದೆ ತಡಕಾಡಿದರೆ ಮುಗಿಯಿತು. ಅವತ್ತಿನಿಂದ ನಿಂಗಮ್ಮ ಉಂಡಿದ್ದು ಮೈಗೆ ಹತ್ತಲಿಲ್ಲ.

ಸಂಕಟ ಬಂದಾಗ ವೆಂಕಟರಮಣ. ಬಿಳಿಗಿರಿ ಬೆಟ್ಟಕ್ಕೆ ಹರಕೆಯಿದೆ ಅಂತ ಸುಳ್ಳು ಹೇಳಿ ರಜ ಹಾಕಿ, ಯಳಂದೂರಿನ ಸಂತೆಗೆ ಹೋದಳು. ಅಲ್ಲೊಬ್ಬ ಕನ್ನಡಕ ಮಾರುವವನು ತಟ್ಟೆಯ ತುಂಬ ಕನ್ನಡಕ ಹರಡಿಕೊಂಡು ಕೂರುತ್ತಿದ್ದ. ಕೊಳ್ಳೇಗಾಲದಲ್ಲಿ ಕೊಂಡರೆ ಗುಟ್ಟು ರಟ್ಟಾಗುತ್ತೆ, ಇದು ಹೇಗಿದ್ದರೂ ಬೇರೆ ರಾಜ್ಯ ಅನ್ನುವುದು ಅವಳ ಧೈರ್ಯ. ಒಂದೊಂದನ್ನೇ ಮೂಗಿಗೇರಿಸಿ, ಸೆರಗಿನ ನೂಲು ಹಿರಿದು ನೋಡಿ, ಕಂಡದ್ದನ್ನು ಕೊಂಡಳು. ಆ ಸಂಜೆ ನಮ್ಮ ಅಜ್ಜಿಯ ತಲೆಯ ಹೇನುಗಳಿಗೆಲ್ಲ ಕೊನೆಗಾಲ ಬಂತಂತೆ.

ಮಾರನೆಯ ದಿನ ಶೆಡ್ಡಿಗೆ ಕನ್ನಡಕ ಹಾಕಿಕೊಂಡು ಹೋದಳು. "ಏನ್ ನಿಂಗಕ್ಕ, ಮೇಷ್ಟ್ರಾಗ್ಬುಟ್ಟೆ?" ಅಂತ ಹೆಂಗಸರು ನಕ್ಕರು. "ಒಲೆ ಹೊಗೆಗೆ ಕಣ್ರವ್ವಾ, ಕಣ್ಣು ಉರೀತದೆ," ಅಂದು ಗತ್ತಿನಿಂದ ಕೂತಳು. ನೀರಿನ ಕಡೆ ಬಗ್ಗಿದಳು. ಗಾಜಿನ ಮೇಲೆ ಹಬೆ ಕೂತು ಲೋಕವೇ ಬೆಳ್ಳಗಾಯಿತು. ಮೊದಲು ಎಳೆ ಮಾತ್ರ ಕಾಣುತ್ತಿರಲಿಲ್ಲ, ಈಗ ಬೇಸಿನ್ನೇ ಕಾಣಲಿಲ್ಲ. ಒರೆಸೋಣವೆಂದರೆ ಕೈ ಒದ್ದೆ. ಒರೆಸಿಕೊಂಡರೂ ಬಗ್ಗಿದ ಕೂಡಲೇ ಮತ್ತೆ ಬಿಳಿ. ಅವಳಿಗೆ ಗಟ್ಟಿಯಾಗಿ ಅತ್ತುಬಿಡಬೇಕು ಅನ್ನಿಸಿತು.

ಅಲ್ಲಿಂದ ಶುರುವಾಯಿತು ಅವಳ ಹುಚ್ಚಾಟ. ಕೊಬ್ಬರಿ ಎಣ್ಣೆ ಸವರಿದಳು, ಗಾಜು ಜಿಡ್ಡಾಯಿತು. ವಿಭೂತಿ ತಿಕ್ಕಿದಳು, ಶಿವಶರಣೆಯ ಕನ್ನಡಕವಾಯಿತೇ ಹೊರತು ಹಬೆ ಬಿಡಲಿಲ್ಲ. ಹೊಗೆಸೊಪ್ಪು ಅಗಿದು ಅದರ ರಸ ಹಚ್ಚಿ ನೋಡಿದಳು, ತಲೆ ತಿರುಗಿತು. ಮನೆಯಲ್ಲಿ ಕುದಿಯುವ ಎಸರಿನ ಮೇಲೆ ಕನ್ನಡಕ ಹಿಡಿಯುವುದು, ನೋಡುವುದು, ತೊಳೆಯುವುದು, ಮತ್ತೆ ಹಿಡಿಯುವುದು. ರಾಗಿ ಹಿಟ್ಟು ಹಾಕಬೇಕೆಂದು ಕಾದು ಕಾದು ನಮ್ಮಜ್ಜಿ, "ಮುದ್ದೆಗೆ ಬುಡ್ತೀಯೋ, ನಿನ್ ಕನ್ನಡ್ಕನೇ ಬೇಯಿಸ್ತೀಯೋ?" ಅಂತ ಕೂಗಾಡಿದಳಂತೆ.

ದಾರಿ ತೋರಿಸಿದ್ದು ಪಕ್ಕದ ಕೋಣೆಯ ಒಂದು ಗಾಜಿನ ಸರಳು. ಬಿಚ್ಚಿದ ನೂಲನ್ನು ಅಲ್ಲಿ ದೊಡ್ಡ ರಾಟೆಗೆ ಮರುಸುತ್ತುತ್ತಿದ್ದರು. ನೂಲು ಗಾಜಿನ ಸರಳಿನ ಮೇಲೆ ಹಾದು ಹೋಗಬೇಕು. ಶಿವರಾತ್ರಿಯ ಒಣಗಾಳಿ ಬೀಸಿದರೆ ರೇಷ್ಮೆಗೆ ಹುಚ್ಚು ಹಿಡಿಯುತ್ತಿತ್ತು. ಎಳೆಗಳು ಉಬ್ಬಿ ನಿಲ್ಲುತ್ತಿದ್ದವು, ಸರಳಿಗೆ ಅಂಟಿ ಹರಿಯುತ್ತಿದ್ದವು, ಹೆಂಗಸರ ತೋಳಿನ ಕೂದಲೆಲ್ಲ ನೆಟ್ಟಗಾಗುತ್ತಿತ್ತು. ನೂಲಿಗೆ ದೆವ್ವ ಹಿಡಿದಿದೆ ಅನ್ನುತ್ತಿದ್ದರು. ದೆವ್ವ ಬಿಡಿಸಲು ಅಂಟುವಾಳಕಾಯಿ ನೆನೆಸಿದ ನೀರನ್ನು ಸರಳಿಗೆ ತೆಳ್ಳಗೆ ಸವರಿ ಒಣಗಿಸುತ್ತಿದ್ದರು. ಸವರಿದ ಸರಳಿಗೆ ನೂಲು ಅಂಟುತ್ತಿರಲಿಲ್ಲ.

ಆ ಕೋಣೆಯವಳೊಬ್ಬಳು ಅಂಥ ಸರಳು ಹಿಡಿದುಕೊಂಡೇ ನಿಂಗಮ್ಮನ ಬೇಸಿನ್ನಿನ ಪಕ್ಕ ಮಾತಿಗೆ ನಿಂತಳು. ಹಬೆ ಬಡಿದು ಸರಳಿನ ತುದಿ ಬೆಳ್ಳಗಾಯಿತು. ಅಂಟುವಾಳ ಸವರಿದ್ದ ನಡುಭಾಗ ಮಾತ್ರ ಹಾಗೇ ತಿಳಿಯಾಗಿತ್ತು. ನಿಂಗಮ್ಮ ಧಡಕ್ಕನೆ ಎದ್ದು ಸರಳನ್ನು ಕಿತ್ತುಕೊಂಡು ಹಬೆಗೆ ಹಿಡಿದಳು. ತಿರುಗಿಸಿ ಹಿಡಿದಳು. ಮತ್ತೆ ಹಿಡಿದಳು.

"ಯಾಕಕ್ಕಾ, ದೆವ್ವ ನಿಂಗೂ ಹಿಡೀತಾ?" ಅಂದಳು ಅವಳು.

ಬೆಟ್ಟದ ಕಡೆಯಿಂದ ಸೋಲಿಗರ ರಂಗಿ ಸಂತೆಗೆ ಅಂಟುವಾಳ ತರುತ್ತಿದ್ದಳು. ಅವಳಿಂದ ಮಡಿಲು ತುಂಬ ಕೊಂಡು, ಒಳ್ಳೆಯದು ಜಾಸ್ತಿಯಾದರೆ ಇನ್ನೂ ಒಳ್ಳೆಯದು ಅಂದುಕೊಂಡು ನೊರೆ ನೊರೆಯಾಗಿ ಗಾಜಿಗೆ ಮೆತ್ತಿಕೊಂಡು ಹೋದಳು. ಬೆವರಿಗೆ ಅದು ಕರಗಿ ಸೀದಾ ಕಣ್ಣಿಗಿಳಿಯಿತು. ಅಂಟುವಾಳ ಕಣ್ಣಿಗೆ ಬಿದ್ದ ಉರಿ ಬಲ್ಲವರೇ ಬಲ್ಲರು. ಕೆಂಡದಂಥ ಕಣ್ಣು ಮುಚ್ಚಿಕೊಂಡು ಒದ್ದಾಡುತ್ತಿದ್ದವಳಿಗೆ ಮಲ್ಲಮ್ಮ ಓಡಿಹೋಗಿ ತಣ್ಣೀರು ತಂದು ಮುಖಕ್ಕೆ ಎರಚಿದಳು. ಯಾರ ಕೈ ಅಂತ ಗೊತ್ತಾದ ಕೂಡಲೇ ನಿಂಗಮ್ಮ ಅದನ್ನು ತಳ್ಳಿದಳು. "ಮುಟ್ಬೇಡ ನನ್ನ."

ಸೋಮವಾರದ ಹೊತ್ತಿಗೆ ಹದ ಸಿಕ್ಕಿತ್ತು. ಬೆರಳ ತುದಿಗೆ ಹತ್ತುವಷ್ಟು ತೆಳ್ಳಗಿನ ನೀರು, ಹಚ್ಚಿ ನೆರಳಿನಲ್ಲಿ ಒಣಗಿಸಿ, ಒಣಬಟ್ಟೆಯಲ್ಲಿ ಹಗುರಾಗಿ ಉಜ್ಜುವುದು. ಅಷ್ಟೇ. ಸಾಹುಕಾರರು ಬಂದರು. ಪುಟ್ಟಬಸಪ್ಪ ಮಾತು ಕೊಟ್ಟಂತೆ ಇವರಿಬ್ಬರ ಬೆನ್ನ ಹಿಂದೆ ನಿಂತ. ನಿಂಗಮ್ಮ ಕನ್ನಡಕ ಏರಿಸಿಕೊಂಡು ಹಬೆಯ ಮೇಲೆ ಬಗ್ಗಿದಳು.

ಗಾಜು ಮಸುಕಾಗಲಿಲ್ಲ. ಕಂಡಿತು, ಎಲ್ಲ ಕಂಡಿತು. ಗೂಡು ಕುಣಿಕುಣಿದು ತಿರುಗುವುದು, ಅದು ತೆಳ್ಳಗಾದಾಗ ಒಳಗಿನ ಹುಳದ ನೆರಳು, ಒಂದೊಂದೇ ಎಳೆ ಮೇಲೇಳುವುದು. ನೋಡುತ್ತ ಮೈಮರೆತಳು. ಅಷ್ಟರಲ್ಲಿ ಅವಳ ಒಂದು ಗೂಡು ಮುಗಿದು ಮುಳುಗಿತು, ನೂಲು ಸಣ್ಣಗಾಗತೊಡಗಿತು. ಕೈ ಹಾಕಬೇಕು ಅಂದುಕೊಳ್ಳುವ ಮೊದಲೇ ಪಕ್ಕದಿಂದ ಆ ಕೈ ಬಂತು.

ಈ ಸಲ ಅದು ಮಸುಕಾಗಿರಲಿಲ್ಲ. ಬಿಸಿನೀರಿಗೆ ಬೆಂದು ಸಿಪ್ಪೆ ಎದ್ದ ಬೆರಳುಗಳು. ಅವು ನಿಂಗಮ್ಮನ ಬೇಸಿನ್ನಿನ ಗೂಡೊಂದರ ಎಳೆ ಹಿಡಿದು, ನಿಂಗಮ್ಮನ ನೂಲಿಗೇ ಎಸೆದು ಕೂಡಿಸಿ, ಖಾಲಿ ಕೈಯಾಗಿ ಹಿಂದಕ್ಕೆ ಹೋದವು. ಆ ಗಳಿಗೆಯಲ್ಲೇ ಮಲ್ಲಮ್ಮನ ಸ್ವಂತ ನೂಲು ಪಟ್ಟನೆ ಹರಿಯಿತು. ತನ್ನ ನೂಲು ಇಷ್ಟು ವರ್ಷ ಯಾಕೆ ಕೆಡಲಿಲ್ಲ, ಮಲ್ಲಮ್ಮನದು ಯಾಕೆ ದಿನಾ ಹರಿಯುತ್ತಿತ್ತು ಅನ್ನುವುದು ನಿಂಗಮ್ಮನಿಗೆ ಆಗ ಹೊಳೆಯಿತು.

"ಸಿಕ್ಕಾಕಂಡ್ಯಾ!" ಪುಟ್ಟಬಸಪ್ಪ ಮಲ್ಲಮ್ಮನ ಮಣಿಕಟ್ಟು ಹಿಡಿದಿದ್ದ. "ಸಾ, ನಾನ್ ಹೇಳಿರ್ಲಿಲ್ವಾ? ಗೂಡ್ ಕಳ್ಳಿ. ನಡಿ ಆಚ್ಗೆ."

ಮಲ್ಲಮ್ಮ ಬಾಯಿ ಬಿಡಲಿಲ್ಲ. ಬಿಟ್ಟರೆ ನಿಂಗಮ್ಮನ ಕಣ್ಣಿನ ಗುಟ್ಟು ಹೊರಬೀಳುತ್ತಿತ್ತು. ತಲೆ ತಗ್ಗಿಸಿ ಎದ್ದು ಜೋಲಿಯಿಂದ ಕೂಸನ್ನು ಎತ್ತಿಕೊಳ್ಳಲು ಹೋದಳು.

ಸುಮ್ಮನಿದ್ದರೆ ನಿಂಗಮ್ಮನ ಜಾಗ ಉಳಿಯುತ್ತಿತ್ತು, ಇನ್ನು ಮೇಲೆ ಕಣ್ಣೂ ಕಾಣುತ್ತಿತ್ತು. ಆದರೂ ಎದ್ದು ನಿಂತಳು. "ಬುಡಿ ಸಾ ಅವಳ ಕೈಯ. ಅವಳು ಕದ್ದಿಲ್ಲ. ನಂಗೇ ಕಣ್ ಕಾಣಕಿಲ್ಲ. ಎಷ್ಟೋ ವರ್ಸದಿಂದ ಕಾಣಕಿಲ್ಲ. ನಿಂಗಮ್ಮನ ನೂಲು ಅಂತಿದ್ರಲ್ಲ, ಅದು ಅವಳ ಕೈದು."

"ಕಣ್ಣಾರೆ ಕಂಡಿವ್ನಿ ಅಂದಿದ್ದೆ?" ಅಂದ ಪುಟ್ಟಬಸಪ್ಪ.

"ಸುಳ್ಳೇಳ್ದೆ. ಕಣ್ಣಾರೆ ಕಂಡಿದ್ದು ಇವತ್ತೇ."

ಸಾಹುಕಾರರು ಗದರಲಿಲ್ಲ, ಕರುಣೆಯನ್ನೂ ತೋರಲಿಲ್ಲ. ಕಣ್ಣು ಕಾಣದವಳನ್ನು ಬಿಸಿನೀರಿನ ಮುಂದೆ ಕೂರಿಸುವುದಿಲ್ಲ ಅಂದರು. ಈಗ ಕಾಣುತ್ತೆ ಸಾ ಅನ್ನುವ ಮಾತು ಬಾಯಿ ತನಕ ಬಂದಿತ್ತಂತೆ. ಸುಳ್ಳು ಹೇಳಿದ ಬಾಯಿಯನ್ನು ಯಾರು ನಂಬುತ್ತಾರೆ? ಮಲ್ಲಮ್ಮ ತನ್ನ ಜಾಗದಲ್ಲಿ ಕೂತಳು. ನಿಂಗಮ್ಮ ಅಂಗಳಕ್ಕೆ ಹೋದಳು.

ಇದನ್ನೆಲ್ಲ ನನಗೆ ಹೇಳಿದ್ದು ಮಲ್ಲಮ್ಮ. ಚಿಕ್ಕಜ್ಜಿಯನ್ನು ಕೇಳಿದರೆ ಎದ್ದು ಹೊರಟುಹೋಗುತ್ತಿದ್ದಳು. ಅಂಗಳದಲ್ಲಿ ಹಬೆಯಿಲ್ಲ, ಕನ್ನಡಕಕ್ಕೆ ಅಂಟುವಾಳ ಬೇಕಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ತಪ್ಪದೆ ಹಚ್ಚಿ, ಒಣಗಿಸಿ, ಉಜ್ಜಿಕೊಂಡು ಬರುತ್ತಿದ್ದಳಂತೆ. ಒಳಗೆ ಕೂಸು ಅತ್ತರೆ ಸಾಕು, ಮೊರ ಬಿಸಾಕಿ ಓಡಿ ಬರುತ್ತಿದ್ದಳು. "ಏಳು ಮಲ್ಲಿ, ಕೂಸು ಬಾಯಿ ಬಡ್ಕತಾ ಅದೆ, ನಿಂಗೆ ಕಿವಿ ಕೇಳಕಿಲ್ವಾ?" ಅಂತ ಬೈದು ಎಬ್ಬಿಸಿ, ಅವಳ ಬೇಸಿನ್ನಿನ ಮುಂದೆ ಕೂರುತ್ತಿದ್ದಳು. ಪುಟ್ಟಬಸಪ್ಪ ಮೊದಮೊದಲು ಗುರ್ರೆಂದ. ಮಲ್ಲಮ್ಮನ ನೂಲು ಹರಿಯುವುದು ನಿಂತ ಮೇಲೆ ಬೇರೆ ಕಡೆ ತಿರುಗಿಕೊಂಡು ನಿಲ್ಲುತ್ತಿದ್ದ.

ಮಲ್ಲಮ್ಮ ಹಾಲು ಕುಡಿಸಿ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದಳಂತೆ. "ಆಯ್ತು ಕಣಕ್ಕ, ಏಳು."

ಕೂತ ಕಡೆ ಕೂರದ ನಮ್ಮ ಚಿಕ್ಕಜ್ಜಿ ತಲೆ ಎತ್ತುತ್ತಿರಲಿಲ್ಲವಂತೆ. "ತಡಿ ಮಲ್ಲಿ, ಇದೊಂದ್ ಗೂಡು ಮುಗೀಲಿ," ಅನ್ನುತ್ತಿದ್ದಳಂತೆ.