ಇಪ್ಪತ್ತರ ಮಗ್ಗಿಯಾಚೆ ೪೩೩೮೭

ನಿಮಗೆ ಯಾವತ್ತಾದರೂ ಹೀಗಾಗಿದೆಯಾ, ನಿಜ ಹೇಳಿ. ಎದುರಿಗೆ ನಿಂತ ಮಗುವಿನ ಉತ್ತರ ತಪ್ಪು ಅಂತ ಗೊತ್ತು, ಆದರೆ ತಪ್ಪು ಅನ್ನಲು ನಾಲಿಗೆ ಏಳುವುದಿಲ್ಲ. ನನಗಾಗಿದೆ.

ಮೂರು ವರ್ಷದ ಹಿಂದಿನ ಮಾತು. ಶಿರಾಲಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರು, ಇಲ್ಲಿನ ಮಕ್ಕಳ ಬಾಯಲ್ಲಿ ‘ಅಕ್ಕೋರು’. ಒಂಬತ್ತನೇ ಕ್ಲಾಸಿನವರಿಗೆ ಪ್ರತಿವರ್ಷ ಒಂದು ಕೆಲಸ ಹಚ್ಚುತ್ತೇನೆ: ಇಷ್ಟವಾದ ಐದಂಕಿಯ ಒಂದು ಸಂಖ್ಯೆ ಹಿಡಿದು ಅದರ ಜಾತಕ ಬಿಡಿಸಿ. ಸಮವೋ ಬೆಸವೋ, ಯಾವುದರಿಂದ ಭಾಗವಾಗುತ್ತದೆ, ಯಾವುದರಿಂದ ಇಲ್ಲ. ಚೆನ್ನಾಗಿ ಮಾಡಿದವರು ಹೊನ್ನಾವರದ ಗಣಿತ ಪ್ರದರ್ಶನಕ್ಕೆ. ಹುಡುಗರೆಲ್ಲ ಮೊಬೈಲ್ ಗೇಮಿನ ಸ್ಕೋರು ತಂದರು. ಹೆಬಳೆಯ ನಾಗವೇಣಿ ತಂದದ್ದು ೪೩೩೮೭.

“ಇದು ಅವಿಭಾಜ್ಯ ಅಕ್ಕೋರೇ. ಎಂತದ್ರಿಂದ್ಲೂ ಒಡೆಯೂದಿಲ್ಲ.”

ಅವಿಭಾಜ್ಯ ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ. ಎಲ್ಲಿಯವರೆಗೆ ಭಾಗಿಸಿ ನೋಡಿದೆ ಅಂತ ಕೇಳಿದೆ.

“ಇಪ್ಪತ್ತರ ಮಗ್ಗಿವರೆಗೆ. ಅಮ್ಮ ಕಲ್ಸಿದ್ದು ಅಷ್ಟೇ.”

ಪಕ್ಕದ ಗೆಳತಿ ರೇಷ್ಮಾ ಮೆಲ್ಲಗೆ ಹೇಳಿದಳು, “ಅದು ಅವ್ಳ ಅಮ್ಮನ ಫೋನ್ ನಂಬರಿನ ಕೊನೆ ಐದಂಕಿ, ಅಕ್ಕೋರೇ.”

ಆ ಅಮ್ಮ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಸಂಜೆ ಮಲ್ಲಿಗೆ ಕಟ್ಟುತ್ತಾ ಮಗಳಿಂದ ಮಗ್ಗಿ ಹೇಳಿಸುತ್ತಿದ್ದ ಹೆಂಗಸು. ಇಪ್ಪತ್ತಕ್ಕೆ ನಿಂತುಹೋಗಿತ್ತು.

ನಾನು ಆಗಲೇ ಲೆಕ್ಕ ಹಾಕಿದ್ದೆ. ಅದು ಒಡೆಯುತ್ತದೆ. ಸುಮ್ಮನೆ ಬಿಟ್ಟುಬಿಡೋಣ ಅನ್ನಿಸಿತು. ಆದರೆ ಹೊನ್ನಾವರದಲ್ಲಿ ಯಾರೋ ಮೊಬೈಲು ತೆಗೆದು ನಾಲ್ಕು ಜನರ ಮುಂದೆ ಒಡೆದು ತೋರಿಸಿದರೆ? ಆ ಹುಡುಗಿಗೆ ಆ ಪೆಟ್ಟು ಬೇಡವಾಗಿತ್ತು.

“ಇದ್ರ ವರ್ಗಮೂಲ ಇನ್ನೂರೆಂಟು ಚಿಲ್ಲರೆ. ಅಲ್ಲಿವರೆಗಿನ ಅವಿಭಾಜ್ಯ ಎಲ್ಲದ್ರಿಂದ ನೋಡ್ಬೇಕು ಮಗಾ. ಇಪ್ಪತ್ತಕ್ಕೆ ನಿಂತ್ರೆ ಸಾಲೂದಿಲ್ಲ.”

“ನಾ ಮುಂದೆ ಹೋಗೂದಿಲ್ಲ.”

“ನಾ ಹೇಳ್ತೆ, ನೀ ಜೊತೆಗೆ ಬಾ. ಇಪ್ಪತ್ಮೂರೊಂದ್ಲ ಇಪ್ಪತ್ಮೂರು...”

ರೇಷ್ಮಾ ಮಧ್ಯೆ ಬಾಯಿ ಹಾಕಿದಳು, “ಇಪ್ಪತ್ಮೂರೆರಡ್ಲ ನಲ್ವತ್ತೆಂಟು!”

“ನಲ್ವತ್ತಾರು! ಏ ಸುಮ್ನಿರೇ, ನಂಗೆ ಬತ್ತದೆ,” ಅಂತ ನಾಗವೇಣಿ ಗದರಿಸಿ ಚಾಕ್ ಎತ್ತಿಕೊಂಡಳು.

೨೩, ೨೯, ೩೧, ೩೭, ೪೧. ಸಂಖ್ಯೆ ಒಂದಕ್ಕೂ ಬಗ್ಗಲಿಲ್ಲ. ಅವಳ ಮುಖ ಅರಳುತ್ತಾ ಹೋಯಿತು. ೪೩ಕ್ಕೆ ಶೇಷ ಸೊನ್ನೆ ಬಂತು. ನಲವತ್ಮೂರು ಸಲ ಸಾವಿರದ ಒಂಬತ್ತು.

“ಒಡೀತು,” ಅಂದಳು.

ಸಮಾಧಾನ ಹೇಳುವ ಕಲೆ ನನಗಿಲ್ಲ. “ಸಾವಿರದ ಒಂಬತ್ತನ್ನ ಒಡ್ದು ನೋಡು,” ಅಂದೆ ಅಷ್ಟೇ.

ನೋಡಿದಳು. ಅದು ಒಡೆಯಲಿಲ್ಲ. ಬೋರ್ಡಿನ ಮೇಲೆ ೪೩ × ೧೦೦೯ ಅಂತ ದೊಡ್ಡದಾಗಿ ಬರೆದಳು.

ಎರಡೇ ಅವಿಭಾಜ್ಯಗಳನ್ನು ಗುಣಿಸಿ ಬಂದ ಇಂಥ ಸಂಖ್ಯೆಗೆ ಸೆಮಿಪ್ರೈಮ್ ಅನ್ನುತ್ತಾರೆ. ಹೊನ್ನಾವರದಲ್ಲಿ ತೀರ್ಪುಗಾರರು ಕೇಳಿದರು, “ಎಂತ ತಂಗಿ, ಇದು ಅವಿಭಾಜ್ಯವಾ?”

“ಅಲ್ಲ ಸರ್. ಇದ್ರೊಳ್ಗೆ ಇಬ್ರು ಇದ್ದಾರೆ. ಒಂದು ದೊಡ್ದು, ಒಂದು ಸಣ್ದು. ಇಬ್ರೂ ಒಡೆಯೂದಿಲ್ಲ.”

ಬಹುಮಾನ ಕುಮಟಾದವರು ಹೊಡೆದುಕೊಂಡು ಹೋದರು. ವಾಪಸ್ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತವಳು ತನ್ನಷ್ಟಕ್ಕೆ ಶುರುಮಾಡಿದಳು: ಇಪ್ಪತ್ತೊಂದೊಂದ್ಲ ಇಪ್ಪತ್ತೊಂದು.

ಕಷ್ಟದ ಲೆಕ್ಕವನ್ನು ಮಕ್ಕಳಿಂದ ಮುಚ್ಚಿಡಬಾರದು, ಬಿಡಿಸುವಾಗ ಪಕ್ಕದಲ್ಲಿ ನಿಂತಿರಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ನಿಮ್ಮ ಮಗ್ಗಿ ಎಲ್ಲಿ ನಿಂತಿತ್ತು? ಮುಂದಕ್ಕೆ ಹೇಳಿಸಿದವರು ಯಾರು? ಕೆಳಗೆ ಬರೆಯಿರಿ, ಕೂತು ಓದುತ್ತೇನೆ.