ಮ್ಯಾಗ್‌ಪೈ ಕಾಯುವ ಬಾಗಿಲು

ಬ್ರನ್ಸ್‌ವಿಕ್‌ನ ಡೆಸ್ಪಿನಾ ನಾಲ್ಕು ವರ್ಷದಿಂದ ಒಂದೇ ಹಕ್ಕಿಯೊಡನೆ ಕಾದಾಡುತ್ತಿದ್ದಳು. ಅವಳೂ ಚಿತ್ರಕಾರ ಕ್ಯಾಲಮ್‌ನೂ ಸೇರಿ ಕಟ್ಟುತ್ತಿದ್ದ ವಿಡಿಯೋ ಗೇಮಿನಲ್ಲಿ, ಸೌಟು ಹಿಡಿದ ಬಿಲ್ಬಿ ಎಂಬ ಮೊಲದಂಥ ಪುಟ್ಟ ಪ್ರಾಣಿಯೊಂದು ಕಳೆದುಹೋದ ತಮ್ಮನನ್ನು ಹುಡುಕಿ ಹೊರಡುತ್ತದೆ. ಅದರ ಉದ್ದ ಕಿವಿ ಕಂಡರೆ ಯಾರಿಗಾದರೂ ಮುದ್ದು ಉಕ್ಕಬೇಕು. ಅದು ಕ್ಯಾಲಮ್‌ನ ಕೈಗುಣ. ಮೊದಲ ಬಾಗಿಲು ಕಾಯುವ ಮ್ಯಾಗ್‌ಪೈ ಹಕ್ಕಿ, ಅದರ ಎರಗಾಟ, ಪೆಟ್ಟು, ಸಾವು, ಇವನ್ನೆಲ್ಲ ಪ್ರೋಗ್ರಾಮಿನಲ್ಲಿ ಬರೆಯುವುದು ಡೆಸ್ಪಿನಾಳ ಪಾಲು.

ಸೋಮವಾರ ಗೇಮನ್ನು ಮಾರಾಟಕ್ಕೆ ಒಪ್ಪಿಸಬೇಕಿತ್ತು.

"ಹಕ್ಕೀನ ಸ್ವಲ್ಪ ಮೆತ್ತಗೆ ಮಾಡೇ," ಎಂದು ಕ್ಯಾಲಮ್ ತಿಂಗಳಿಂದ ಗೋಗರೆಯುತ್ತಿದ್ದ.

"ನಾನು ಗೆಲ್ತಿಲ್ವಾ? ನಿನ್ ಕೈ ಬಣ್ಣ ಹಚ್ಚೋಕೆ ಮಾತ್ರ ಲಾಯಕ್ಕು."

ಕೊನೆಯ ಶನಿವಾರ ಗ್ರಂಥಾಲಯದಲ್ಲಿ ಹೊಸಬರನ್ನು ಕರೆದು ಆಡಿಸಿದರು. ಕಟ್ಟಿದವರು ಬೆನ್ನ ಹಿಂದೆ ನಿಂತು ನೋಡಬೇಕು, ತುಟಿ ಬಿಚ್ಚಬಾರದು. ಈ ಕಸುಬಿನ ಕಟ್ಟಳೆ ಅದು. ಟ್ರಾಮ್ ಓಡಿಸಿ ನಿವೃತ್ತಳಾದ ನೊಯೆಲೀನ್ ಬಿಲ್ಬಿಗೆ ಮನಸೋತು ಕುಳಿತಳು. ಹದಿನೇಳನೆಯ ಸಲ ಬಿಲ್ಬಿ ಸತ್ತಾಗ ತಿರುಗಿದಳು.

"ಈ ಹಕ್ಕಿ ಹುಟ್ಟಿಸಿದ ಪುಣ್ಯಾತ್ಮ ಯಾರಮ್ಮ? ನಮ್ಮ ಬೀದಿ ಮ್ಯಾಗ್‌ಪೈಯಾದ್ರೂ ಎರಗೋ ಮುಂಚೆ ಕೊಕ್ಕು ಕಟಕಟ ಅನ್ನಿಸ್ತದೆ. ಇದು ಹೇಳ್ದೆ ಕೇಳ್ದೆ ಬಂದ್ಬಿಡ್ತದಲ್ಲ!"

ಕೊಕ್ಕು ಬಡಿಯುವ ಆ ಗಳಿಗೆ ಮೊದಲು ಇತ್ತು. ಡೆಸ್ಪಿನಾಳಿಗೆ ಅದು ನಿಧಾನವೆನಿಸಿ, ತಾನು ಗೆದ್ದಾಗಲೆಲ್ಲ ಚೂರುಚೂರೇ ಕತ್ತರಿಸುತ್ತ ಬಂದಿದ್ದಳು. ಈಗ ಆ ಬಾಗಿಲು ಅವಳ ಬೆರಳುಗಳಿಗೆ ಮಾತ್ರ ತೆರೆಯುತ್ತಿತ್ತು.

ಇಪ್ಪತ್ತೆರಡನೆಯ ಸಾವಿಗೆ ನೊಯೆಲೀನ್ ಎದ್ದಳು. "ಬಿಲ್ಬಿ ತಮ್ಮ ಸಿಕ್ರೆ ನನಗೂ ಹೇಳ್ರಪ್ಪ."

ಭಾನುವಾರ ಬೆಳಿಗ್ಗೆ ಡೆಸ್ಪಿನಾ ಹಕ್ಕಿಗೆ ಕೊಕ್ಕಿನ ಸದ್ದನ್ನು ಮರಳಿ ಕೊಟ್ಟಳು; ಎರಗುವ ಮುನ್ನ ಒಂದು ಉಸಿರಿನಷ್ಟು ಬಿಡುವು. ಕ್ಯಾಲಮ್ ಐದನೆಯ ಸಲಕ್ಕೆ ಗೆದ್ದು ಕೂಗಿದ: "ಡೆಸ್ಪಿ! ಬಾಗಿಲಾಚೆ ನಾನೇ ಬರೆದ ಹೂವಿನ ಬಯಲು. ಆಡ್ಕೊಂಡು ಬಂದು ನೋಡ್ತಿರೋದು ಇದೇ ಮೊದಲು ಕಣೇ!"

"ಕೊಡಿಲ್ಲಿ," ಎಂದು ಡೆಸ್ಪಿನಾ ಕಂಟ್ರೋಲರ್ ಕಸಿದುಕೊಂಡಳು.

ಕೊಕ್ಕು ಕಟಕಟಿಸುವಷ್ಟರಲ್ಲಿ ಅವಳ ಬೆರಳು ಜಿಗಿತದ ಗುಂಡಿ ಒತ್ತಿಯಾಗಿತ್ತು. ಬಿಲ್ಬಿ ಜಿಗಿದು ಇಳಿದ ಜಾಗಕ್ಕೇ ಹಕ್ಕಿ ಸಾವಕಾಶವಾಗಿ ಬಂದೆರಗಿತು. ಮತ್ತೆ ಅದೇ. ಮತ್ತೆ.

"ಕಾಯ್ಬೇಕು ಕಣೇ."

"ಗೊತ್ತು!"

ಗೊತ್ತಿದ್ದೂ ಬೆರಳು ಕಾಯಲಿಲ್ಲ. ನಾಲ್ಕು ವರ್ಷ ಬೆರಳುಗಳಿಗೆ ಕಲಿಸಿದ್ದು ಕಾಯದೆ ಒತ್ತುವುದೊಂದೇ. ಬೇಕೆಂದರೆ ಹಕ್ಕಿಯನ್ನು ಮತ್ತೆ ಸದ್ದಿಲ್ಲದೆ ಎರಗುವಂತೆ ಮಾಡಲು ಇನ್ನೂ ಒಂದು ದಿನವಿತ್ತು.

ಸೋಮವಾರ ಗೇಮನ್ನು ಕೊಕ್ಕಿನ ಸದ್ದು ಸಮೇತ ಹಾಗೆಯೇ ಕಳಿಸಿದಳು. ಆ ವಾರವೇ ನೂರಾರು ಜನ ಬಾಗಿಲು ದಾಟಿದರು. ಡೆಸ್ಪಿನಾ ಬಾಗಿಲಿನ ಈಚೆಯೇ ಉಳಿದು, ಬೆರಳುಗಳಿಗೆ ಕಾಯುವುದನ್ನು ಕಲಿಸುತ್ತ ಕೂತಳು.