ಲೀಡರ್ ಸರದಿ

ಗೆಳೆಯರೇ, ಇವತ್ತು ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ನಮ್ಮ ಹೆಂಗಸರು ಗೆದ್ದರು. ನಾನು ಸೂಪರ್‌ವೈಸರ್ ಆಗಿರುವ, ಪ್ಯಾನೆಲ್ ತೊಳೆಯುವ ತಂಡದಲ್ಲಿ, ಅವರ ಮಹಿಳಾ ಸಂಘದ ರೂಢಿಯಂತೆ, ತಿಂಗಳಿಗೊಬ್ಬರು ಲೀಡರ್. ವಿಡಿಯೊ ಕಾಲಿನಲ್ಲಿ ನಮ್ಮ ಕಂಪನಿಯ ಜರ್ಮನಿಯ ಮೇಲಧಿಕಾರಿ ಇಂಗ್ಲಿಷಿನಲ್ಲಿ, "ಕಾಯಂ ಲೀಡರ್ ಒಬ್ಬರೇ ಇರಬೇಕು. ಹೆಸರು ಕೊಡಿ, ಇಲ್ಲವೇ ಹೊರಗಿನವರನ್ನು ಕಳಿಸುತ್ತೇವೆ" ಎಂದರು.

ಈ ತಿಂಗಳ ಲೀಡರ್ ಗಂಗಮ್ಮ ಪಕ್ಕದಲ್ಲೇ ಇದ್ದರು. ಅದನ್ನು ಕನ್ನಡದಲ್ಲಿ ಹೇಳಿದಾಗ ಅವರೆಂದರು, "ಈಗ ನಾನು ಜೋರು ಮಾಡಿದ್ರೆ ಬರೋ ತಿಂಗ್ಳು ಇನ್ನೊಬ್ಳು ನನ್ಮೇಲೆ ಮಾಡ್ತಾಳೆ. ಅದ್ಕೇ ಎಲ್ರೂ ನೆಟ್ಟಗಿದೀವಿ ಕಣ್ರಮ್ಮ. ಇಂಗೇ ಹೇಳ್ಬುಡಿ."

ಹಾಗೇ ಹೇಳಿದೆ. ಮೇಲಧಿಕಾರಿ ನಕ್ಕರು. "ಸರಿ, ನಿಮ್ಮ ಪದ್ಧತಿಯೇ ಇರಲಿ. ಬೇರೆ ದೇಶಗಳ ತಂಡಗಳಲ್ಲೂ ಮಾಡಿನೋಡುತ್ತೇನೆ."

ಗಂಗಮ್ಮನಿಗೆ ಇದನ್ನೂ ಕನ್ನಡದಲ್ಲಿ ತಿಳಿಸಿದೆ. ಅವರು ಕೇಳಿದ್ದು ಒಂದೇ: "ಆ ಜರ್ಮನಿಯವ್ರ ಸರದಿ ಯಾವಾಗ ಮುಗೀತದಂತೆ?"